ಟಿಬಿಲಿಸಿಯ ನೆಲಮಾಳಿಗೆಯಲ್ಲಿ ಮಗನ ಬ್ಯಾಂಡು

ಕುಮಟಾ–ಭಟ್ಕಳ ಬಸ್ಸಿನಲ್ಲಿ ನಾನು ಕಂಡಕ್ಟರ್ ಆಗಿ ಹತ್ತೊಂಬತ್ತು ವರ್ಷವಾಯಿತು. ದಿನಾ ಓಡಾಡುವವರಿಗೆಲ್ಲ ನಾನು ಲಲಿತಕ್ಕ. ಕಳೆದ ಏಪ್ರಿಲಿನಲ್ಲಿ ರಜೆ ಹಾಕಿ ಜಾರ್ಜಿಯಾ ಎಂಬ ದೇಶಕ್ಕೆ ಹೋಗಿಬಂದೆ. ಬಂದಾಗಿನಿಂದ ಟಿಕೆಟ್ ಕೊಡುವಾಗೆಲ್ಲ ಒಂದೇ ಪ್ರಶ್ನೆ: "ಲಲಿತಕ್ಕ, ಅಲ್ಲಿ ಎಂತೆಂತ ಕಂಡ್ರಿ?" ಮಂಕಿಯಲ್ಲಿ ಹತ್ತಿದವರಿಗೆ ಉತ್ತರ ಶುರುಮಾಡಿದರೆ ಅಷ್ಟರಲ್ಲಿ ಕಾಸರಕೋಡು ಬಂದು ಅವರು ಇಳಿದುಬಿಡುತ್ತಾರೆ. ಅರ್ಧ ಕೇಳಿದವರು ಉಳಿದರ್ಧವನ್ನು ತಾವೇ ಸೇರಿಸಿಕೊಳ್ಳುತ್ತಾರೆ. ಮೊನ್ನೆ ಮೀನುಪೇಟೆಯಲ್ಲಿ, ನಾನು ಅಲ್ಲಿನ ಯಾವುದೋ ಮಂತ್ರಿಯ ಮನೆಯಲ್ಲಿ ಉಂಡು ಬಂದೆ ಎಂಬ ಸುದ್ದಿ ನನ್ನ ಕಿವಿಗೇ ಬಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹೋದದ್ದು ಮಗನ ಸಲುವಾಗಿ. ನನ್ನ ಮಗ ವಿನಾಯಕ ಮುರ್ಡೇಶ್ವರದ ಒಂದು ಹೋಟೆಲಿನಲ್ಲಿ ಅಡುಗೆ ಕಲಿತು, ಇಪ್ಪತ್ತಮೂರನೆಯ ವಯಸ್ಸಿಗೆ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೆ ಹೋದ. ಅಲ್ಲಿ ಡಾಕ್ಟರ್ ಓದುವ ನಮ್ಮ ದೇಶದ ಮಕ್ಕಳಿಗಾಗಿ ಭಟ್ಕಳದ ಇರ್ಫಾನ್ ಭಾಯಿ ಒಂದು ಮೆಸ್ ನಡೆಸುತ್ತಾರೆ. ಅಲ್ಲಿ ನಾಲ್ಕು ವರ್ಷ ಅಡುಗೆ ಮಾಡಿದ. ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಬೆಟ್ಟದ ರಸ್ತೆಯಲ್ಲಿ ಕಾರು ಜಾರಿ ತೀರಿಕೊಂಡ. ಪೆಟ್ಟಿಗೆಯಲ್ಲಿ ಮನೆಗೆ ಬಂದ.

ಅಲ್ಲಿ ಅವನು ಒಂದು ಬ್ಯಾಂಡಿನಲ್ಲಿ ಹಾಡುತ್ತಿದ್ದ ಎಂಬುದು ನಮಗೆ ಗೊತ್ತಾದದ್ದು ಆಮೇಲೆ. ಈ ವರ್ಷ ಆ ಬ್ಯಾಂಡಿನವರು ಇರ್ಫಾನ್ ಭಾಯಿಯ ಕೈಲಿ ಹೇಳಿಸಿದರು: ಅವನಿಲ್ಲದೆ ಹೊಸ ಆಲ್ಬಮ್ ಮಾಡುತ್ತಿದ್ದೇವೆ, ಒಂದು ಹಾಡನ್ನು ಮಾತ್ರ ನಿಮ್ಮನ್ನು ಕೇಳದೆ ಮುಗಿಸಲಾರೆವು, ಬನ್ನಿ. ಟಿಕೆಟ್ಟನ್ನೂ ಅವರೇ ಕಳಿಸಿದರು.

ನನ್ನ ಗಂಡ ಹೊನ್ನಾವರ ಬಂದರಿನಲ್ಲಿ ಮೀನು ಬೋಟಿನ ಡ್ರೈವರ್. ಅವರು ಬರಲಿಲ್ಲ. "ಅಂವನ ದನಿ ಕೇಳೂಕೆ ನಂಗೆ ಆಗೂದಿಲ್ಲ. ನೀ ಹೋಗಿ ಬಾ" ಎಂದರು.

ಇಳಿದ ಕೂಡಲೇ

ಗೋವಾದಿಂದ ಹೊರಟು, ಗಲ್ಫಿನ ಒಂದು ಊರಿನಲ್ಲಿ ವಿಮಾನ ಬದಲಿಸಿ, ಟಿಬಿಲಿಸಿಯಲ್ಲಿ ಇಳಿದೆ. ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ನನ್ನ ಬ್ಯಾಗು ಮಾತ್ರ ಮೇಜಿನ ಮೇಲೆ ಹೋಯಿತು. ಇರ್ಫಾನ್ ಭಾಯಿಗೆಂದು ಒಯ್ದಿದ್ದ, ಸಾರಿಗೆ ಹುಳಿಯಾಗಿ ಹಾಕುವ ಒಣ ಮುರುಗಲ ಸಿಪ್ಪೆ ಅಧಿಕಾರಿಯ ಕಣ್ಣಿಗೆ ಬಿತ್ತು. ಕಪ್ಪಗೆ ಅಂಟಂಟಾದ ಆ ಚೂರುಗಳನ್ನು ಆತ ಕೈಗವಸು ಹಾಕಿಕೊಂಡು ಎತ್ತಿ ಬೆಳಕಿಗೆ ಹಿಡಿದ. "ವಾಟ್?" ಎಂದ. ಮುರುಗಲಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು. "ಸಾರ್, ಸಾರು" ಎಂದೆ. ಅವನಿಗೆ ಏನು ಅರ್ಥವಾಗಬೇಕು? ಕೊನೆಗೆ ಒಂದು ಚೂರನ್ನು ನಾನೇ ಬಾಯಿಗೆ ಹಾಕಿಕೊಂಡು ಜಗಿದೆ. ಆತ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ, ನಾನು ಸಾಯಲಿಲ್ಲ. ಆಮೇಲೆ ತಾನೂ ಒಂದು ಚೂರು ನಾಲಿಗೆಗಿಟ್ಟ. ಹುಳಿಗೆ ಅವನ ಮುಖವೆಲ್ಲ ಒಂದೇ ಕಡೆಗೆ ಎಳೆದುಕೊಂಡಿತು. ಪಕ್ಕದವಳನ್ನು ಕರೆದು ಅವಳಿಗೂ ತಿನ್ನಿಸಿದ. ಇಬ್ಬರೂ ಕಣ್ಣೊರೆಸಿಕೊಂಡು ನನ್ನನ್ನು ಬಿಟ್ಟರು.

ಹೊರಗೆ ಬಂದು ನೋಡಿದರೆ ಊರಿನ ಬೋರ್ಡುಗಳೆಲ್ಲ ದುಂಡು ಅಕ್ಷರದಲ್ಲಿ. ದೂರದಿಂದ ಕನ್ನಡದ ಹಾಗೇ ಕಾಣುತ್ತಿತ್ತು. ಹತ್ತಿರ ಹೋದರೆ ಒಂದೂ ಓದಲು ಬರುತ್ತಿರಲಿಲ್ಲ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವಳ ಹಾಗೆ ಮೊದಲ ದಿನವೆಲ್ಲ ಕಣ್ಣು ಕಿರಿದು ಮಾಡಿಕೊಂಡು ತಿರುಗಿದೆ. ಅವರಿಗೆ ಅಮ್ಮ ಎಂದರೆ ದೇದಾ, ಅಪ್ಪ ಎಂದರೆ ಮಾಮಾ. ಒಬ್ಬ ಪುಟ್ಟ ಹುಡುಗಿ ಬೀದಿಯಲ್ಲಿ ಮಾಮಾ, ಮಾಮಾ ಎಂದು ಅಳುತ್ತಿದ್ದಳು. ಅವಳ ಮಾವ ಎಲ್ಲಿ ಹೋದನೋ ಎಂದು ನಾನು ಹುಡುಕುತ್ತಿದ್ದೆ.

ಇರ್ಫಾನ್ ಭಾಯಿಯ ಮೆಸ್

ಮೆಸ್ಸಿಗೆ ಹೋಗಲು ಸಣ್ಣ ವ್ಯಾನು. ನಮ್ಮ ಹೊನ್ನಾವರದ ಟೆಂಪೋ ಇದ್ದ ಹಾಗೆ, ಆದರೆ ಕಂಡಕ್ಟರ್ ಇಲ್ಲ. ಇಳಿಯಬೇಕಾದವರು "ಗಾಚೆರೆತ್" ಎಂದು ಡ್ರೈವರಿಗೆ ಕೂಗಿ ಹೇಳಬೇಕು. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿ ಎರಡು ಸಲ ಕೂಗಿದಳು, ದನಿ ಮುಂದಕ್ಕೆ ಹೋಗಲಿಲ್ಲ. ನನಗೆ ಸುಮ್ಮನಿರಲು ಆಗುತ್ತದೆಯೇ? ಅವಳ ಮಾತನ್ನೇ ನಾನು ನನ್ನ ಡ್ಯೂಟಿ ದನಿಯಲ್ಲಿ ಕೂಗಿದೆ. ವ್ಯಾನು ಗಕ್ಕನೆ ನಿಂತಿತು. ಎಲ್ಲರ ತಲೆ ಹಿಂದಕ್ಕೆ ತಿರುಗಿತು. ಮುದುಕಿ ನನ್ನ ಕೆನ್ನೆಗೆ ಮುತ್ತು ಕೊಟ್ಟು ಇಳಿದುಹೋದಳು. ಹತ್ತೊಂಬತ್ತು ವರ್ಷದಲ್ಲಿ ನನ್ನ ಬಸ್ಸಿನಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ.

ಮೆಸ್ ಎಂದರೆ ಎರಡು ಕೋಣೆ, ಹಿಂದೆ ಅಡುಗೆಮನೆ. ವಿನಾಯಕ ನಿಲ್ಲುತ್ತಿದ್ದ ಒಲೆಯನ್ನು ಇರ್ಫಾನ್ ಭಾಯಿ ತೋರಿಸಿದರು. ಅರುವತ್ತು ದಾಟಿದ ಮನುಷ್ಯ, ಹೆಂಡತಿ ಮಕ್ಕಳು ಭಟ್ಕಳದಲ್ಲಿ. ಮುರುಗಲ ಸಿಪ್ಪೆ ಮೂಸಿ ನೋಡಿ ಡಬ್ಬಕ್ಕೆ ತುಂಬಿದರು. ವಿನಾಯಕನಿಗೆ ಬ್ಯಾಂಡಿನವರ ಗುರುತಾದದ್ದು ಹೇಗೆ ಎಂದು ಕೇಳಿದೆ. ಅವರು ಹಿಂಗೋಡೆಯನ್ನು ಬಡಿದು ತೋರಿಸಿದರು.

"ಈ ಗೋಡೆ ಆಚೆ ಕೆಳಗೆ ಅವ್ರ ಜಾಗ. ಅವ್ರು ಬಾರ್ಸೂಕೆ ಶುರು ಮಾಡಿದ್ರೆ ನಮ್ಮ ಸ್ಟೀಲ್ ಪಾತ್ರೆ ಎಲ್ಲ ಕುಣೀತಿತ್ತು. ಒಂದಿನ ಸಾಂಬಾರಿನ ಪಾತ್ರೆ ಬಿದ್ದೇ ಹೋತು. ಇಂವ ಸಿಟ್ಟಲ್ಲಿ ಹೋಗಿ ಅವ್ರ ಬಾಗ್ಲಲ್ಲಿ ನಿಂತು ಬೈದ. ಕನ್ನಡದಲ್ಲೇ. ಅವ್ರು ಬಾರ್ಸೂದು ನಿಲ್ಲಿಸಿದ್ರು. ಆಮೇಲೆ, ಇನ್ನೊಂದು ಸಲ ಬೈ ಅಂದ್ರಂತೆ."

ನೆಲಮಾಳಿಗೆ

ಮಾತು ತಿರುಗಿಸಿ ಹೇಳಲು ಇರ್ಫಾನ್ ಭಾಯಿ ಜೊತೆಗೆ ಬಂದರು. ಬರಿಗೈಲಿ ಹೋಗಬಾರದೆಂದು ದಾರಿಯಲ್ಲಿ ನಾಲ್ಕು ಕೆಂಪು ಹೂ ಕೊಂಡೆ. ನೆಲಮಾಳಿಗೆಯ ಬಾಗಿಲು ತೆಗೆದ ಹುಡುಗಿಯ ಕೈಗೆ ಕೊಟ್ಟರೆ ಅವಳ ಮುಖ ಬಾಡಿತು. ಅಲ್ಲಿ ಸಮಸಂಖ್ಯೆಯ ಹೂ ಕೊಡುವುದು ಸತ್ತವರಿಗಂತೆ, ಬದುಕಿರುವವರಿಗೆ ಬೆಸ. ಇರ್ಫಾನ್ ಭಾಯಿ ಹೇಳಿದ ಮೇಲೆ ನಾನು ಒಂದು ಹೂವನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಜಡೆಗೆ ಸಿಕ್ಕಿಸಿಕೊಂಡೆ. ಅದು ಅವಳಿಗೆ ಹಿಡಿಸಿತು.

ಅವಳ ಹೆಸರು ನೀನೋ. ನಾಲ್ಕು ದಪ್ಪ ತಂತಿಯ ಗಿಟಾರು ಬಾರಿಸುತ್ತಾಳೆ. ಇಂಗ್ಲಿಷ್ ಬರುತ್ತದೆ. ಡ್ರಮ್ ಬಾರಿಸುವವನು ಲೆವಾನ್, ಬಾಗಿಲಿಗೆ ತಲೆ ತಾಗುವ ಆಳು, ಜಾರ್ಜಿಯನ್ ಬಿಟ್ಟು ಬೇರೆ ಮಾತು ಬಾರದು. ಇನ್ನೊಬ್ಬ ಗಿಟಾರಿನವ ಆ ವಾರ ಊರಲ್ಲಿರಲಿಲ್ಲ. ಇಬ್ಬರೂ ಕಪ್ಪು ಅಂಗಿ, ಎದೆಯ ಮೇಲೆ ಎಲುಬು ತಲೆಬುರುಡೆಗಳ ಚಿತ್ರ. ಹಾಗಿದ್ದವರು ನನ್ನ ಕಾಲಿಗೆ ಚಳಿಯಾದೀತೆಂದು ಉಣ್ಣೆಯ ಚಪ್ಪಲಿ ತಂದುಕೊಟ್ಟರು. ಎಳೆ ಆಕ್ರೋಟವನ್ನು ಇಡಿಯಾಗಿ ಬೇಯಿಸಿದ ಮುರಬ್ಬ ತಿನ್ನಲು ಕೊಟ್ಟರು. ಚಹಾ ಲೋಟ ಅರ್ಧವಾದರೆ ಮತ್ತೆ ತುಂಬುತ್ತಿದ್ದರು. ಲೆವಾನ್ ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ನಾಚಿಕೆ ಸ್ವಭಾವ ಎಂದುಕೊಂಡೆ.

ಅವರದ್ದು ಡೆತ್ ಮೆಟಲ್ ಎಂಬ ಸಂಗೀತ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಡ್ರಮ್ಮು ಮಳೆಗಾಲದ ತಗಡಿನ ಮಾಡಿನ ಹಾಗೆ ಬಿಡುವಿಲ್ಲದೆ ಬಡಿಯುತ್ತದೆ. ಹಾಡುವವನು ಹಾಡುವುದಿಲ್ಲ, ಗಂಟಲಿನ ಬುಡದಿಂದ ಗರ್ಜಿಸುತ್ತಾನೆ. ಕರ್ಕಿ ಕಡೆಯ ಯಕ್ಷಗಾನದ ಆಟದಲ್ಲಿ ರಾಕ್ಷಸ ವೇಷ ರಂಗಕ್ಕೆ ಬರುವಾಗ ಒಂದು ಕೂಗು ಹಾಕುತ್ತದಲ್ಲ, ಆ ಕೂಗನ್ನೇ ಐದು ನಿಮಿಷ ಎಳೆದ ಹಾಗೆ. ನನ್ನ ಮಗ ಮನೆಯಲ್ಲಿ ಗಟ್ಟಿಯಾಗಿ ಮಾತನಾಡಿದವನೂ ಅಲ್ಲ. ಮನೆಯಲ್ಲಿ ಗಟ್ಟಿ ದನಿಯೆಂದರೆ ನನ್ನದೇ.

ಹೊಸ ಆಲ್ಬಮ್ಮಿನಲ್ಲಿ ಗರ್ಜನೆ ಇಲ್ಲ. ಅವನ ಜಾಗಕ್ಕೆ ಬೇರೆಯವರನ್ನು ತರಲು ಇವರಿಗೆ ಮನಸ್ಸಾಗಲಿಲ್ಲವಂತೆ. ಅವನು ಹಾಡಬೇಕಿದ್ದ ಕಡೆಯೆಲ್ಲ ಬೇರೆ ಸದ್ದು ಹಿಡಿದು ತಂದು ಹಾಕಿದ್ದಾರೆ. ನೀನೋಳ ಅಜ್ಜಿಯ ಹೊಲಿಗೆ ಯಂತ್ರ, ಬಾವಿಯ ರಾಟೆ, ಕುರಿಗಳ ಗಂಟೆ. ಅಲ್ಲಿಯವರು ದ್ರಾಕ್ಷಿ ಮದ್ಯವನ್ನು ನೆಲದಲ್ಲಿ ಹೂತ ಮಣ್ಣಿನ ಹಂಡೆಯಲ್ಲಿ ಇಡುತ್ತಾರೆ. ಹಂಡೆಯೆಂದರೆ ಆಳು ಇಳಿಯುವಷ್ಟು ದೊಡ್ಡದು. ಖಾಲಿ ಹಂಡೆಯೊಂದಕ್ಕೆ ಲೆವಾನ್ ಇಳಿದು ಒಳಗಿನಿಂದ ಡ್ರಮ್ ಬಾರಿಸಿ ರೆಕಾರ್ಡ್ ಮಾಡಿದ್ದಾನೆ. ಹಳೆಯ ಕೇಳುಗರಲ್ಲಿ ಕೆಲವರು ಇದೇನು ಹುಚ್ಚು ಎನ್ನುತ್ತಿದ್ದಾರೆ ಎಂದಳು ನೀನೋ. ಒಡೆದ ಹಂಡೆಯೊಂದು ಅಂಗಳದಲ್ಲಿ ಅಡ್ಡ ಬಿದ್ದಿತ್ತು. ನಾನು ಅದರೊಳಗೆ ತಲೆ ಹಾಕಿ "ರೈಟ್" ಎಂದು ಕೂಗಿದೆ. ನನ್ನ ದನಿ ಎಷ್ಟು ಗಡುಸಾಗಿ ತಿರುಗಿ ಬಂತೆಂದರೆ, ನಾನೇ ಹಿಂದೆ ಸರಿದೆ.

ಸಮಸ್ಯೆ ಇದ್ದದ್ದು ಕೊನೆಯ ಹಾಡಿನಲ್ಲಿ. ವಿನಾಯಕ ಇದ್ದಾಗ ಪ್ರತಿ ಕಾರ್ಯಕ್ರಮವನ್ನೂ ಅವರು ಅದೇ ಹಾಡಿನಿಂದ ಮುಗಿಸುತ್ತಿದ್ದರಂತೆ. ಅವನ ದನಿ ಮಾತ್ರ ಇರುವ ಒಂದು ರೆಕಾರ್ಡು ಉಳಿದಿದೆ. ಅದನ್ನು ಸೇರಿಸಬೇಕೆಂದು ನೀನೋ, ಕೂಡದೆಂದು ಲೆವಾನ್. ಎಂಟು ತಿಂಗಳಿಂದ ಇಬ್ಬರಿಗೂ ಮಾತು ಸರಿಯಾಗಿಲ್ಲ. ಬ್ಯಾಂಡು ಒಡೆಯುವ ಹಂತಕ್ಕೆ ಬಂದಾಗ, ಅವನ ತಾಯಿಯನ್ನೇ ಕೇಳೋಣ ಎಂದು ಇಬ್ಬರೂ ಒಪ್ಪಿದ್ದಾರೆ.

"ಅದರಲ್ಲಿರುವುದು ಬಹಳ ಹಳೆಯ ಮಂತ್ರ" ಎಂದಳು ನೀನೋ. ವಿನಾಯಕ ಅವರ ಬಾಯಲ್ಲಿ ವಿನೋ ಆಗಿದ್ದ. "ಸತ್ತವರು ದಾಟಬೇಕಾದ ಬಾಗಿಲುಗಳ ಹೆಸರು. ವಿನೋ ನಮಗೆ ಹೇಳಿದ್ದ. ಆಲ್ಬಮ್ಮಿನ ಪುಸ್ತಿಕೆಯಲ್ಲಿ ಅಚ್ಚು ಹಾಕಬೇಕು, ಒಂದೊಂದರ ಅರ್ಥ ಹೇಳಿ."

ಕಿವಿಗೆ ಹೆಡ್‌ಫೋನ್ ಇಟ್ಟರು. ಮೊದಲು ಉಸಿರು ಎಳೆದುಕೊಂಡ ಸದ್ದು. ಆ ಉಸಿರು ನನಗೆ ಗುರುತು ಸಿಕ್ಕಿತು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಆಮೇಲೆ ಗರ್ಜನೆ ಬಂತು. ಮೊದಲ ಸಲ ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಹಾಕಿ ಎಂದೆ. ಎರಡನೆಯ ಸಲ ಶಬ್ದಗಳು ಒಂದೊಂದಾಗಿ ಬಿಡಿಸಿಕೊಂಡವು.

"ಭಟ್ಕಳ. ಶಿರಾಲಿ. ಮುರ್ಡೇಶ್ವರ. ಬೈಲೂರು. ಮಂಕಿ. ಮುಂದೆ ಹೋಗಿ, ಮುಂದೆ ಹೋಗಿ. ಬಾಗ್ಲಲ್ಲಿ ನಿಲ್ಲಬೇಡಿ. ಕಾಸರಕೋಡು. ಹೊನ್ನಾವರ."

ನನಗೆ ನಗು ಬಂತು. ಎರಡು ವರ್ಷದಲ್ಲಿ ಬಾರದ ನಗು, ತಡೆಯಲು ಆಗಲಿಲ್ಲ. ನೀನೋ ಗಾಬರಿಯಾಗಿ ನೀರು ತಂದಳು. ಅಳುತ್ತಿದ್ದೇನೆ ಎಂದು ಅವರು ತಿಳಿದರು, ಅದೂ ಪೂರ್ತಿ ಸುಳ್ಳಲ್ಲ. ಅರ್ಥ ಏನೆಂದು ಮತ್ತೆ ಕೇಳಿದಾಗ, "ಹಳೇ ಹೆಸರುಗಳು. ಆಮೇಲೆ ಹೇಳುತ್ತೇನೆ" ಎಂದು ತಪ್ಪಿಸಿಕೊಂಡೆ.

ಮೆಸ್ಸಿಗೆ ಬರುವಾಗ ಇರ್ಫಾನ್ ಭಾಯಿಯನ್ನು ಕೇಳಿದೆ: "ನಿಮ್ಗೆ ಗೊತ್ತಿತ್ತಾ?"

"ನಾನು ಭಟ್ಕಳದಂವ, ಶಿರಾಲಿ ಗೊತ್ತಾಗದೇ ಇರ್ತದಾ? ಹೇಳೂದು ಬ್ಯಾಡ ಲಲಿತಕ್ಕ. ಅವ್ರು ಮಂತ್ರ ಅಂತ ನಂಬಿದ್ದಾರೆ. ಬಸ್ ಸ್ಟಾಪು ಅಂದ್ರೆ, ಅಂವ ನಮ್ಮನ್ನ ಮಂಗ ಮಾಡಿದ ಅಂತಾರೆ."

ನನಗೂ ಅದೇ ಭಯ. ಅವನು ಗಳಿಸಿಕೊಂಡ ಗೆಳೆತನವನ್ನು ಅವನು ಇಲ್ಲದಾಗ ನಾನು ಹೋಗಿ ಕೆಡಿಸುವುದೇ?

ಬೆಟ್ಟದ ದಾರಿ

ಮೂರನೆಯ ದಿನ ಅವನು ತೀರಿಕೊಂಡ ಜಾಗ ನೋಡಬೇಕೆಂದೆ. ನೀನೋ ವ್ಯಾನು ನಡೆಸಿದಳು, ಪಕ್ಕದಲ್ಲಿ ಇರ್ಫಾನ್ ಭಾಯಿ. ನಾನೂ ಲೆವಾನನೂ ಹಿಂದೆ. ಅಲ್ಲಿಯ ಡ್ರೈವರುಗಳು ಇಗರ್ಜಿ ಕಂಡಲ್ಲೆಲ್ಲ ಎದೆಯ ಮೇಲೆ ಮೂರು ಸಲ ಶಿಲುಬೆ ಗುರುತು ಮಾಡುತ್ತಾರೆ, ತಿರುವಿನಲ್ಲಿದ್ದರೂ ಸ್ಟಿಯರಿಂಗ್ ಬಿಟ್ಟು. ನಮ್ಮ ಡ್ರೈವರುಗಳು ಗುಡಿ ಕಂಡರೆ ಎದೆ ಮುಟ್ಟಿಕೊಳ್ಳುತ್ತಾರೆ, ಆದರೆ ಒಂದೇ ಸಲ. ದನಗಳು ರಸ್ತೆ ನಡುವೆ ಮಲಗಿದ್ದವು, ಹಾರ್ನಿಗೆ ಕಿವಿಯನ್ನೂ ಆಡಿಸಲಿಲ್ಲ. ದನದ ವಿಷಯದಲ್ಲಿ ಪರದೇಶ ಎನ್ನಿಸಲಿಲ್ಲ. ಲೆವಾನ್ ಮಾತ್ರ ಇಡೀ ದಾರಿ ತಲೆಯ ಮೇಲಿನ ಹಿಡಿಕೆ ಹಿಡಿದುಕೊಂಡೇ ಇದ್ದ.

ಜಾಗ ಬಂತು. ಒಂದು ತಿರುವು, ಹೊಸ ಕಬ್ಬಿಣದ ಕಟಕಟೆ, ಕೆಳಗೆ ಹೊಳೆ. ಬಿಸಿಲಿತ್ತು, ಹಳದಿ ಹೂ ಅರಳಿದ್ದವು. ಇಂಥ ಕಡೆ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಆಗ ಲೆವಾನ್ ನನ್ನೆದುರು ಬಂದು ನಿಂತು ಮಾತನಾಡತೊಡಗಿದ. ಇರ್ಫಾನ್ ಭಾಯಿ ಕನ್ನಡಕ್ಕೆ ತಿರುಗಿಸದೆ ಸುಮ್ಮನೆ ನಿಂತುಬಿಟ್ಟರು.

"ಎಂತ ಹೇಳ್ತಾ ಇದ್ದ ಅಂವ?" ಎಂದೆ.

"ಅವತ್ತು ಗಾಡಿ ಓಡಿಸಿದ್ದು ತಾನೇ ಅಂತ."

"ನಿಮ್ಗೆ ಗೊತ್ತಿತ್ತಾ ಇದೂ?"

"ಗೊತ್ತಿತ್ತು. ಹೇಳೂಕೆ ಬಾಯಿ ಬರ್ಲಿಲ್ಲ."

ನಾನು ಕಟಕಟೆಯ ತುದಿಯವರೆಗೆ ನಡೆದುಹೋದೆ. ಅಷ್ಟು ದೊಡ್ಡ ಆಳು ಬದುಕಿ ನಿಂತಿದ್ದಾನಲ್ಲ ಎಂಬುದೇ ಮೊದಲು ಬಂದ ಯೋಚನೆ. ಅವನಿಗೆ ಹೊಡೆಯಬೇಕೆನಿಸಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿ ಅನಿಸಿತು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಬಂದು, ಅಪಘಾತವಾದ ಬಸ್ಸಿನ ಡ್ರೈವರನ್ನು ಕೇಳುವ ಹಾಗೆಯೇ ಕೇಳಿದೆ.

"ಕುಡಿದಿದ್ಯಾ?"

ಇಲ್ಲ ಎಂದ.

"ಸ್ಪೀಡು?"

ನಲವತ್ತು. ರಸ್ತೆಯ ಮೇಲೆ ಗಾಜಿನಂಥ ಮಂಜುಗಡ್ಡೆ ಕಟ್ಟಿತ್ತು, ಕಾಣಲಿಲ್ಲ ಎಂದ.

"ಅಂವ ಎಂತ ಮಾಡ್ತಿದ್ದ?"

ಕಿತ್ತಳೆ ಸುಲಿಯುತ್ತಿದ್ದ. ಒಂದು ತೊಳೆ ತಾನು ತಿಂದು ಒಂದು ತೊಳೆ ನನ್ನ ಬಾಯಿಗೆ ಹಾಕುತ್ತಿದ್ದ ಎಂದ. ಅಷ್ಟು ಹೇಳಿ ಆ ಆಳು ರಸ್ತೆಯ ಅಂಚಿನಲ್ಲಿ ಕುಸಿದು ಕೂತ.

ಅಂದಿನಿಂದ ಅವನು ಯಾವ ಗಾಡಿಯನ್ನೂ ಮುಟ್ಟಿಲ್ಲ ಎಂದಳು ನೀನೋ. ನಾವು ಬಂದ ಈ ವ್ಯಾನೂ ಅವನದ್ದೇ. ಆ ದನಿಯನ್ನು ಹಾಡಿಗೆ ಹಾಕಬೇಡ ಎನ್ನುವುದೂ ಅದಕ್ಕೇ, ಕೇಳಿದರೆ ಡ್ರಮ್ಮಿನ ಕೋಲು ಕೈಯಿಂದ ಜಾರುತ್ತದಂತೆ.

ನಮ್ಮ ಕೆಲಸದಲ್ಲಿ ಕಂಡದ್ದನ್ನು ನಾನು ಅವನಿಗೆ ಹೇಳಿದೆ. ನಮ್ಮ ಡಿಪೋದಲ್ಲಿ ಡ್ರೈವರಿನ ಕೈಯಲ್ಲಿ ಜೀವ ಹೋದರೆ ಅವನನ್ನು ಕೆಲವು ದಿನ ಕೂರಿಸುತ್ತಾರೆ. ಆಮೇಲೆ ಮತ್ತೆ ಅದೇ ರೂಟಿಗೆ ಹಾಕುತ್ತಾರೆ. ಮೊದಲ ದಿನ ಆ ಜಾಗ ಹತ್ತಿರ ಬಂದಾಗ ಕಂಡಕ್ಟರ್ ಹಿಂದೆ ನಿಲ್ಲುವುದಿಲ್ಲ, ಮುಂದೆ ಬಂದು ಡ್ರೈವರಿನ ಹತ್ತಿರ ನಿಲ್ಲುತ್ತಾನೆ. ನಾನೂ ಇಬ್ಬರು ಡ್ರೈವರುಗಳ ಹತ್ತಿರ ಹಾಗೆ ನಿಂತಿದ್ದೇನೆ. ಮಾತೇನೂ ಆಡುವುದಿಲ್ಲ. ಲೆವಾನ್ ಕೇಳಿಸಿಕೊಂಡ. ಬೀಗದ ಕೈ ಕೊಡಲು ನೀನೋ ಕೈ ಚಾಚಿದಳು. ಅವನು ತಲೆ ಅಲ್ಲಾಡಿಸಿದ. ನಾನು ಒತ್ತಾಯ ಮಾಡಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಬರುವಾಗಲೂ ಅವನ ಪಕ್ಕದಲ್ಲೇ ಕೂತೆ, ಅಷ್ಟೆ.

ಮತ್ತೆ ನೆಲಮಾಳಿಗೆ

ಅವನು ಅಷ್ಟು ದೊಡ್ಡದನ್ನು ಹೇಳಿದ ಮೇಲೆ ನನ್ನ ಸಣ್ಣ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಒಂದು ಕಾಗದದ ಮೇಲೆ ಸಮುದ್ರ ಬರೆದೆ, ಅದರ ಪಕ್ಕ ರಸ್ತೆ ಬರೆದೆ, ರಸ್ತೆಯ ಮೇಲೆ ಊರುಗಳ ಚುಕ್ಕೆ ಇಟ್ಟೆ. "ಇದು ಮಂತ್ರ ಅಲ್ಲ. ಇದು ನನ್ನ ಬಸ್ಸಿನ ಸ್ಟಾಪುಗಳು. ಬಾಗಿಲಲ್ಲಿ ನಿಲ್ಲಬೇಡಿ ಅನ್ನೋದು ನನ್ನ ಮಾತು" ಎಂದು ಇರ್ಫಾನ್ ಭಾಯಿಯ ಕೈಲಿ ಹೇಳಿಸಿದೆ. ರಜೆಯ ದಿನಗಳಲ್ಲಿ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ನಾನು ವಿನಾಯಕನನ್ನು ಬಸ್ಸಿನಲ್ಲೇ ಕೂರಿಸಿಕೊಳ್ಳುತ್ತಿದ್ದೆ. ನಾನು ಕೂಗಿದ್ದನ್ನೆಲ್ಲ ಅವನು ಬಾಯೊಳಗೇ ಕೂಗುತ್ತಿದ್ದ. ಜೋರಾಗಿ ಕೂಗಿದರೆ ನಾನು ಗದರುತ್ತಿದ್ದೆ.

ನೀನೋ ತಲೆಯ ಮೇಲೆ ಕೈ ಹೊತ್ತು ಕೂತಳು. "ಮೂರು ವರ್ಷ" ಎಂದಳು. "ನಾಲ್ಕು ದೇಶದಲ್ಲಿ ಜನ ಕೈ ಎತ್ತಿ ನಮ್ಮ ಜೊತೆ ಶಿರಾಲಿ ಶಿರಾಲಿ ಎಂದು ಕೂಗಿದ್ದಾರೆ. ಒಬ್ಬ ಅದನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾನೆ."

ಮೊದಲು ನಕ್ಕವನು ಲೆವಾನ್. ಆ ನಗು ಡ್ರಮ್ಮಿನ ಮೇಲಿನ ತಟ್ಟೆಗಳನ್ನೂ ಅಲುಗಿಸಿತು. ಆಮೇಲೆ ನೀನೋ ನಕ್ಕಳು. ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಎಷ್ಟೋ ತಿಂಗಳ ಮೇಲೆ ಎಂದು ಇರ್ಫಾನ್ ಭಾಯಿ ನನ್ನ ಕಿವಿಯಲ್ಲಿ ಹೇಳಿದರು. ಅವನು ಮಂಗ ಮಾಡಿದ ಎಂದು ಯಾರೂ ಅನ್ನಲಿಲ್ಲ.

ನಗು ನಿಂತ ಮೇಲೆ ಲೆವಾನ್ ನನ್ನ ಕಾಗದದ ಮೇಲೆ ಬೆರಳಿಟ್ಟು ಕೇಳಿದ. ಹೊನ್ನಾವರದ ಮುಂದೆ ಇನ್ನೂ ಚುಕ್ಕೆಗಳಿವೆ. ವಿನೋ ಅಲ್ಲಿಗೇ ಯಾಕೆ ನಿಲ್ಲಿಸಿದ?

"ಅಲ್ಲಿ ನಮ್ಮನೆ" ಎಂದೆ. "ಸಂಜೆ ಅಂವನ ಅಪ್ಪ ಬಂದರಿಂದ ಬರೂ ಹೊತ್ತಿಗೆ ಅಂವನ್ನ ಅಲ್ಲೇ ಇಳಿಸ್ತಿದ್ದೆ. ಕುಮಟೆ ತಂಕ ನಾನೊಬ್ಳೇ ಹೋಗೂದು. ಅದ್ರ ಮುಂದಿನ ಸ್ಟಾಪು ಅಂವ ಕೂಗಿದ್ದೇ ಇಲ್ಲ."

ಮುಂದಿನ ಹೆಸರುಗಳನ್ನು ನೀವು ಕೂಗುತ್ತೀರಾ ಎಂದು ನೀನೋ ನನ್ನನ್ನು ಕೇಳಿದಳು. ನಾನು ಒಲ್ಲೆ ಎಂದೆ. ಡ್ಯೂಟಿಯಲ್ಲಿ ದಿನಾ ಕೂಗುತ್ತೇನೆ, ಅವನ ದನಿಯ ಹಿಂದೆ ಕೂಗಲಾರೆ. ಆಗ ಲೆವಾನ್, ತಾನು ಹೇಳಬಹುದೇ ಎಂದ. ಅವನು ಇದುವರೆಗೆ ಬಾಯಿಬಿಟ್ಟು ಹಾಡಿದವನಲ್ಲ.

ಆ ಮಧ್ಯಾಹ್ನವೆಲ್ಲ ನಾನು ಅವನಿಗೆ ನಾಲ್ಕು ಊರು ಕಲಿಸಿದೆ. ಕರ್ಕಿ ಸುಲಭವಾಗಿ ಬಂತು. ಅವರ ಮಾತಿನಲ್ಲಿ ಬಹಳ ಹೆಸರುಗಳಿಗೆ ಕೊನೆಗೆ ಒಂದು ಇ ಹತ್ತುತ್ತದೆ, ಹಾಗಾಗಿ ಹಳದೀಪುರ ಹಲ್ದಿಪುರಿ ಆಯಿತು. ಧಾರೇಶ್ವರ ಧಾರೇಶ್ವರಿ ಆಗಿ ದೇವರು ಹೋಗಿ ದೇವಿ ಬಂದಳು. ಇರ್ಫಾನ್ ಭಾಯಿ ಮೆಸ್ಸಿನ ಕೆಲಸ ಬಿಟ್ಟು ಬಂದು, "ಳ, ಳ, ನಾಲ್ಗೆ ಮೇಲೆ ಮಡಚು" ಎಂದು ಪಾಠ ಹೇಳುತ್ತಿದ್ದರು. ಕೊನೆಗೆ ಇಷ್ಟು ಸಾಕು, ಆತು ಎಂದೆ. ಆತು ಎಂಬುದನ್ನೂ ಅವನು ಕಲಿತ.

ರೆಕಾರ್ಡಿಗೆ ಕೂತರು. ವಿನಾಯಕನ ಗರ್ಜನೆ ಭಟ್ಕಳದಿಂದ ಹೊನ್ನಾವರಕ್ಕೆ ಬಂತು. ಡ್ರಮ್ಮಿನ ಕೋಲು ಲೆವಾನನ ಕೈಯಿಂದ ಜಾರಲಿಲ್ಲ. ಹೊನ್ನಾವರದ ನಂತರ ಅವನು ಬಾರಿಸುವುದನ್ನು ನಿಲ್ಲಿಸಿ, ಗರ್ಜಿಸದೆ, ತನ್ನ ಸಾಧಾರಣ ದನಿಯಲ್ಲಿ ಒಂದೊಂದೇ ಹೆಸರು ಹೇಳಿದ. ಕರ್ಕಿ. ಹಲ್ದಿಪುರಿ. ಧಾರೇಶ್ವರಿ. ಕುಮ್ಟಾ. ನೀನೋ ಗಾಜಿನ ಗೋಡೆಯಾಚೆ ಬೆನ್ನು ತಿರುಗಿಸಿ ನಿಂತಿದ್ದಳು.

ವಿಮಾನ ನಿಲ್ದಾಣಕ್ಕೆ

ಹೊರಡುವ ದಿನ ಬೆಳಿಗ್ಗೆ ಟ್ಯಾಕ್ಸಿ ತರಿಸುತ್ತೇನೆಂದು ಇರ್ಫಾನ್ ಭಾಯಿ ಹೇಳಿದ್ದರು. ಕೆಳಗಿಳಿದು ನೋಡಿದರೆ ಬಾಗಿಲಲ್ಲಿ ಲೆವಾನನ ವ್ಯಾನು. ಡ್ರೈವರಿನ ಸೀಟಿನಲ್ಲಿ ಲೆವಾನ್. ಅಂಗಿ ಇಸ್ತ್ರಿ ಮಾಡಿದ್ದ, ಎರಡು ಕೈಯಲ್ಲೂ ಸ್ಟಿಯರಿಂಗ್ ಹಿಡಿದಿದ್ದ, ಗಾಡಿ ಇನ್ನೂ ಶುರುವೇ ಆಗಿರಲಿಲ್ಲ. ಇರ್ಫಾನ್ ಭಾಯಿ ನನ್ನ ಮುಖ ನೋಡಿದರು. ನಾನು ಬ್ಯಾಗನ್ನು ಹಿಂದೆ ಇಟ್ಟು ಮುಂದಿನ ಸೀಟಿಗೆ ಹತ್ತಿದೆ.

ಗಾಡಿ ಹೊರಟಿತು, ಇರ್ಫಾನ್ ಭಾಯಿ ಬಾಗಿಲಲ್ಲೇ ಉಳಿದರು. ನಮ್ಮಿಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ, ಹಾಗಾಗಿ ಮಾತೂ ಇಲ್ಲ. ಅವನು ಹೋದ ವೇಗಕ್ಕೆ ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ಹಿಂದಿನಿಂದ ಹಾರ್ನುಗಳು ಬಡಿದುಕೊಂಡವು. ಪಕ್ಕಕ್ಕೆ ಬಂದ ಒಬ್ಬ ಕಿಟಕಿ ಇಳಿಸಿ ಏನೋ ಬೈದ. ಪ್ರತಿ ತಿರುವಿಗೂ ಲೆವಾನನ ಕುತ್ತಿಗೆಯ ನರ ಬಿಗಿಯಾಗುತ್ತಿತ್ತು, ತಿರುವು ದಾಟಿದ ಮೇಲೆ ಉಸಿರು ಬಿಡುತ್ತಿದ್ದ. ನಾನು ಗಡಿಯಾರ ನೋಡಿದೆ. ವಿಮಾನ ತಪ್ಪುವುದು ಖಂಡಿತ ಎನ್ನುವಷ್ಟು ಹೊತ್ತಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಸಮಯ ಮೀರಿದ ಡ್ರೈವರುಗಳಿಗೆ ನಾನು ಹೇಳದ ಮಾತಿಲ್ಲ.

ಇವನಿಗೆ ಬೇಗ ಹೋಗು ಎಂದು ಹೇಳಲಿಲ್ಲ.